ಕಮಲಮ್ಮ ತಾನೇ ಕಾರು ಓಡಿಸಿಕೊಂಡು ರಿಟೈರಾದದ್ದು

ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಗಳಲ್ಲಿ ಒಂದು ಪದ್ಧತಿ. ರಿಟೈರಾದವರನ್ನು ಕೊನೆಯ ದಿನ ಒಬ್ಬರನ್ನೇ ಮನೆಗೆ ಕಳಿಸುವ ಹಾಗಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಸೆಕ್ಷನ್ನಿನಲ್ಲೇ ಮೇಜು ಜೋಡಿಸಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನೂ ಒಂದು ಗೋಡೆ ಗಡಿಯಾರವನ್ನೂ ಕೈಗಿಡುತ್ತಾರೆ. ಇನ್ನು ಮೇಲೆ ಯಾವ ಹೊತ್ತಿಗೂ ಎಲ್ಲಿಗೂ ಓಡಬೇಕಾಗಿಲ್ಲದವರಿಗೆ ಗಡಿಯಾರ ಯಾಕೆ ಕೊಡುತ್ತಾರೋ ಆ ಶಿವನೇ ಬಲ್ಲ. ಆಮೇಲೆ ಕಾರೊಂದನ್ನು ಗೊತ್ತುಮಾಡಿ, ಹಿಂದಿನ ಸೀಟಿನ ನಡುವೆ ಅವರನ್ನು ಕೂರಿಸಿ, ಆಚೆ ಈಚೆ ಇಬ್ಬರು ಹತ್ತಿ, ನಾಲ್ಕಾರು ಸ್ಕೂಟರುಗಳು ಹಾರನ್ ಬಾರಿಸುತ್ತಾ ಹಿಂಬಾಲಿಸಿ, ಮನೆ ಬಾಗಿಲ ತನಕ ಬಿಟ್ಟು ಬರುತ್ತಾರೆ.

ಕಮಲಮ್ಮ ಇಂಥದ್ದೊಂದು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕಾಯಿಲ್ ವೈಂಡಿಂಗ್ ಸೆಕ್ಷನ್ನಿನಲ್ಲಿ ಮೂವತ್ತಾರು ವರ್ಷ ದುಡಿದವಳು. ಹರಿಹರದ ಕಡೆಯ ಹೆಣ್ಣು. ಗಂಡ ಮುರಿಗೆಪ್ಪ ಅದೇ ಕಾರ್ಖಾನೆಯ ಟೂಲ್ ರೂಮಿನವನು. ಮೂವತ್ತಾರು ವರ್ಷದಲ್ಲಿ ಆಕೆ ಎಷ್ಟು ಜನರ ಜೊತೆ ಕಾರು ಹತ್ತಿ ಅವರವರ ಮನೆಗೆ ಬಿಟ್ಟು ಬಂದಿದ್ದಳೋ ಆಕೆಗೇ ನೆನಪಿಲ್ಲ. ಎಲ್ಲ ಸಲವೂ ನೋಟ ಒಂದೇ. ಹಾರದೊಳಗೆ ಹೂತುಹೋದ ಮನುಷ್ಯ, ಕತ್ತು ತಿರುಗಿಸಲಾರದೆ, ಉತ್ಸವಮೂರ್ತಿಯ ಹಾಗೆ ನೆಟ್ಟಗೆ ಕೂತು, ಕಿಟಕಿಯಾಚೆ ನೋಡುತ್ತಾ ಕಣ್ಣೊರೆಸಿಕೊಳ್ಳುವುದು. ಮುರಿಗೆಪ್ಪನೂ ಮೂರು ವರ್ಷದ ಹಿಂದೆ ಹಾಗೇ ಬಂದಿದ್ದ. ಬಂದವರೆಲ್ಲ ಕಾಫಿ ಕುಡಿದು ಹೋದ ಮೇಲೆ, ಹಾರ ತೆಗೆದು ಮೊಳೆಗೆ ಹಾಕಿ, "ಪಾರ್ಸೆಲ್ ಬಂದಂಗೆ ಬಂದೆ ಕಣೆ" ಎಂದಿದ್ದ. ಆ ಮಾತು ಕಮಲಮ್ಮನ ಹೊಟ್ಟೆಯೊಳಗೆ ಹೋಗಿ ಕೂತುಬಿಟ್ಟಿತು.

ಆಕೆಯ ಸರದಿ ಬರಬೇಕಾಗಿದ್ದದ್ದು ಎರಡು ಸಾವಿರದ ಹದಿನಾಲ್ಕರ ಅಕ್ಟೋಬರ್ ಮೂವತ್ತೊಂದಕ್ಕೆ.

ಅದೇ ವರ್ಷದ ಫೆಬ್ರವರಿಯಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಹೇಮಲತಾ ಪೇಪರು ಹಿಡಿದುಕೊಂಡು ಬಂದಳು. ಹೇಮಲತಾ ಕಮಲಮ್ಮನ ಪಕ್ಕದ ಮಷೀನಿನವಳು, ವಯಸ್ಸಿನಲ್ಲಿ ಇಪ್ಪತ್ತು ವರ್ಷ ಚಿಕ್ಕವಳು, ಬಾಯಿಯಲ್ಲಿ ಇಪ್ಪತ್ತು ವರ್ಷ ದೊಡ್ಡವಳು. ಪೇಪರಿನ ತುಂಬ ಒಂದು ಕಾರಿನ ಜಾಹೀರಾತು. ಚಿಕ್ಕ ಕಾರು, ಚಿಕ್ಕ ಬೆಲೆ, ಆದರೆ ಗೇರು ತಾನೇ ಬದಲಾಗುತ್ತದಂತೆ. ಅಲ್ಲಿಯ ತನಕ ಆಟೋಮ್ಯಾಟಿಕ್ ಎಂದರೆ ವೈಟ್‌ಫೀಲ್ಡಿನ ದೊಡ್ಡ ಸಾಹೇಬರ ಉದ್ದನೆಯ ಕಾರುಗಳಲ್ಲಿ ಇರುವ ವಸ್ತು ಎಂದೇ ಎಲ್ಲರೂ ತಿಳಿದಿದ್ದರು.

"ಕ್ಲಚ್ಚು?" ಎಂದಳು ಕಮಲಮ್ಮ.

"ಇಲ್ಲ ಕಮಲಕ್ಕ. ಎರಡೇ ಪೆಡಲ್. ಒಂದು ಹೋಗಕ್ಕೆ, ಒಂದು ನಿಲ್ಲಕ್ಕೆ."

"ಇಲ್ಲವೇ ಇಲ್ವಾ?"

"ಇಲ್ಲವೇ ಇಲ್ಲ ಅಂತ ಬರ್ದವ್ರೆ ನೋಡಿ."

ಪಕ್ಕದ ಮೇಜಿನ ಗಂಡಸರು ನಕ್ಕರು. ಅದು ಓಡಿಸುವುದಲ್ಲವಂತೆ, ಸುಮ್ಮನೆ ಕೂರುವುದಂತೆ. ಗೇರು ಹಾಕದೆ ಕಾರು ಓಡಿಸುವುದು ಒಗ್ಗರಣೆ ಹಾಕದೆ ಸಾರು ಮಾಡಿದ ಹಾಗಂತೆ. ಕಮಲಮ್ಮ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ಆ ಮೇಜಿನ ಕಡೆ ತಿರುಗಿದಳು.

"ಅಕ್ಟೋಬರಲ್ಲಿ ನನ್ನನ್ನ ಯಾರೂ ಮನೆಗೆ ಬಿಡೋದು ಬೇಡ. ನಾನೇ ಕಾರು ಓಡಿಸ್ಕೊಂಡು ಹೋಗ್ತೀನಿ. ಬರೋರು ನನ್ನ ಕಾರಲ್ಲಿ ಹತ್ಕೊಳ್ಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಹೊತ್ತಿಗೆ ಸುದ್ದಿ ಪ್ಲೇಟಿಂಗ್ ಶಾಪ್ ದಾಟಿ ಮೇನ್ ಗೇಟಿನ ಸೆಕ್ಯುರಿಟಿಯವರ ತನಕ ಹೋಗಿತ್ತು. ಹೆಡ್ ಗಾರ್ಡ್ ಹನುಮಂತರಾಯಪ್ಪ ಆಕೆಯ ಬ್ಯಾಗು ತಪಾಸಣೆ ಮಾಡುತ್ತಾ, "ಕಮಲಮ್ಮನೋರೆ, ಎಲ್ ಬೋರ್ಡ್ ಗಾಡಿ ಒಳಕ್ಕೆ ಬಿಡಲ್ಲ. ಡಿಎಲ್ ತೋರಿಸ್ಬೇಕು ಮತ್ತೆ" ಎಂದು ಮೀಸೆಯಡಿ ನಕ್ಕ.

ಆಕೆ ಇಷ್ಟು ಖಡಾಖಂಡಿತವಾಗಿ ಹೇಳಿದ್ದಕ್ಕೆ ಕಾರಣ ಒಂದು ಹಳೆಯ ಅವಮಾನ. ತೊಂಬತ್ತೊಂದರಲ್ಲಿ ಮುರಿಗೆಪ್ಪ ಗೆಳೆಯನೊಬ್ಬನ ಹಳೇ ಕಾರು ತಂದು ಹೆಂಡತಿಗೆ ಕಲಿಸಲು ಹೊರಟಿದ್ದ. ಭಾನುವಾರದ ಬೆಳಗ್ಗೆ, ಕ್ವಾರ್ಟರ್ಸಿನ ಮೈದಾನ, ಸುತ್ತ ಪರಿಚಯದ ಜನ. ಕ್ಲಚ್ ಬಿಟ್ಟರೆ ಕಾರು ಕುಪ್ಪಳಿಸಿ ಆಫಾಗುವುದು, ಬಿಡದಿದ್ದರೆ ಸುಮ್ಮನೆ ಕೂಗುವುದು. ಗೇರು ರಾಡು ಎಳೆದರೆ ಹಲ್ಲು ಕಡಿದ ಶಬ್ದ. ಮುರಿಗೆಪ್ಪ ಟೂಲ್ ರೂಮಿನ ಮನುಷ್ಯ, ಯಂತ್ರಕ್ಕೆ ನೋವಾದರೆ ಅವನಿಗೆ ಮೈಯೆಲ್ಲಾ ಉರಿಯುತ್ತದೆ. "ಗೇರ್‌ಬಾಕ್ಸ್ ಮುರೀತೀಯಾ! ಒಂದು ಗೇರು ಹಾಕಕ್ಕೆ ಬರಲ್ವಾ ನಿಂಗೆ?" ಎಂದು ಎಲ್ಲರೆದುರಿಗೆ ಕೂಗಿದ. ಕಮಲಮ್ಮ ಕಾರಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ನಡೆದೇ ಮನೆಗೆ ಬಂದಳು. ಅಂದಿನಿಂದ ಯಾವ ಗೇರು ರಾಡನ್ನೂ ಆಕೆಯ ಕೈ ಮುಟ್ಟಲಿಲ್ಲ.

ಕಾರನ್ನು ಆಕೆಯೇ ಬುಕ್ ಮಾಡಿದಳು, ಆಕೆಯದೇ ಉಳಿತಾಯ. ಆ ಮಾದರಿಗೆ ಜನ ಮುಗಿಬಿದ್ದಿದ್ದರಿಂದ ಬರುವುದು ಆಗಸ್ಟ್ ಆಯಿತು. ಟೊಮ್ಯಾಟೊ ಬಣ್ಣದ ಕಾರು. ಷೋರೂಮಿನವನು ಗೇರು ರಾಡಿನ ಬುಡದಲ್ಲಿದ್ದ ಅಕ್ಷರಗಳನ್ನು ತೋರಿಸಿ ಹೇಳಿಕೊಟ್ಟ. ಎನ್ ಅಂದರೆ ಸುಮ್ಮನೆ ನಿಲ್ಲುವುದು, ಆರ್ ಅಂದರೆ ಹಿಂದಕ್ಕೆ, ಡಿ ಅಂದರೆ ಮುಂದಕ್ಕೆ, ಎಂ ಅಂದರೆ ಬೇಕೆನಿಸಿದಾಗ ನಾವೇ ರಾಡನ್ನು ಹಿಂದೆ ಮುಂದೆ ತಳ್ಳಿ ಗೇರು ಬದಲಾಯಿಸಿಕೊಳ್ಳಬಹುದು.

"ಆ ಎಂ ನನಗೆ ಬೇಡ. ಅದನ್ನ ತೆಗ್ದುಬಿಡಕ್ಕೆ ಆಗಲ್ವಾ?" ಎಂದಳು ಕಮಲಮ್ಮ.

ಆಗುವುದಿಲ್ಲವಂತೆ.

ಕಲಿಸಲು ಗೊತ್ತಾದವನು ನಲ್ಲಪ್ಪ. ದಾಸರಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುವವನು, ಪೀಣ್ಯದ ಅರ್ಧ ಫ್ಯಾಕ್ಟರಿಗಳ ಡ್ರೈವರುಗಳಿಗೆ ಗುರು. ಅವನ ಸ್ಕೂಲಿನ ಕಾರಿನಲ್ಲಿ ಅವನ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು. ಕಮಲಮ್ಮನ ಕಾರಿನಲ್ಲಿ ಅವನ ಕಡೆ ಬರೀ ಮ್ಯಾಟು. ಮೊದಲ ದಿನ, "ಅಮ್ಮಾ, ನಾನು ಒಂದು ರೌಂಡು ಓಡಿಸಿ ತೋರಿಸ್ತೀನಿ, ನೋಡ್ಕೊಳ್ಳಿ" ಎಂದು ಸ್ಟಿಯರಿಂಗ್ ಹಿಡಿದ. ಟೌನ್‌ಶಿಪ್ಪಿನ ನಿಶ್ಶಬ್ದ ರಸ್ತೆ, ಎರಡೂ ಕಡೆ ಮಳೆಮರಗಳು. ಕಾರು ನುಣ್ಣಗೆ ಹೊರಟಿತು, ವೇಗ ಹಿಡಿಯಿತು. ಇಪ್ಪತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಇನ್ನೇನು ಎರಡನೇ ಗೇರು ಎನ್ನುವ ಹೊತ್ತಿಗೆ ನಲ್ಲಪ್ಪನ ಎಡಗಾಲು ತಾನಾಗಿ ಎದ್ದು ಇಲ್ಲದ ಕ್ಲಚ್ಚನ್ನು ಬಲವಾಗಿ ತುಳಿಯಿತು. ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಕಾರು ಗೋಡೆಗೆ ಗುದ್ದಿದ ಹಾಗೆ ನಿಂತಿತು. ನಲ್ಲಪ್ಪನ ಕನ್ನಡಕ ಹಾರಿ ಡ್ಯಾಷ್‌ಬೋರ್ಡಿನ ಗಣಪತಿಯ ಪಾದಕ್ಕೆ ಬಿತ್ತು. ಹಿಂದಿನ ಸೀಟಿನಲ್ಲಿದ್ದ ಮುರಿಗೆಪ್ಪ ಮುಂದಿನ ಸೀಟನ್ನು ತಬ್ಬಿಕೊಂಡ.

"ಇಳೀರಿ ನಲ್ಲಪ್ಪಾ, ನಾನೇ ನೋಡ್ತೀನಿ" ಎಂದಳು ಕಮಲಮ್ಮ. ಆಕೆಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಗುರುವಿಗೆ ಇದ್ದ ಚಟ ಶಿಷ್ಯೆಗೆ ಇರಲಿಲ್ಲ. ಆಕೆಯ ಎಡಗಾಲಿಗೆ ಏನೂ ಕಲಿಸಿರಲಿಲ್ಲ, ಹಾಗಾಗಿ ಮರೆಸಬೇಕಾದದ್ದೂ ಇರಲಿಲ್ಲ. ಎಡಗಾಲನ್ನು ಸೀಟಿನ ಬುಡಕ್ಕೆ ಮಡಿಸಿಕೊಂಡು, ರಾಡನ್ನು ಡಿಗೆ ಎಳೆದು, ಬಲಗಾಲಿನಿಂದ ಮೆಲ್ಲಗೆ ಒತ್ತಿದಳು. ಕಾರು ಹೊರಟಿತು. ಕುಪ್ಪಳಿಸಲಿಲ್ಲ, ಆಫಾಗಲಿಲ್ಲ, ಹಲ್ಲು ಕಡಿಯಲಿಲ್ಲ. ಇಪ್ಪತ್ಮೂರು ವರ್ಷ ಕಾದದ್ದು ಇಷ್ಟು ಸುಲಭವಾಗಿ ಆಗಿಹೋಯಿತೇ ಎಂದು ಆಕೆಗೆ ನಗು ಬಂತು. "ಹೋಗ್ತಾ ಐತ್ರೀ! ರೀ, ಹೋಗ್ತಾ ಐತಿ ನೋಡ್ರಿ!" ಎಂದು ಹರಿಹರದ ಮಾತಿನಲ್ಲೇ ಕೂಗಿದಳು.

ಹೋಗುವುದೇನೋ ಹೋಯಿತು. ನಿಲ್ಲಬೇಕಲ್ಲ.

ಆಕೆಯ ವೈಂಡಿಂಗ್ ಮಷೀನಿಗೂ ಕಾಲಡಿಯಲ್ಲಿ ಒಂದು ಪೆಡಲ್ ಇತ್ತು. ಒತ್ತಿದರೆ ಬಾಬಿನ್ ತಿರುಗುತ್ತದೆ, ಕೂದಲಿಗಿಂತ ಸಪೂರವಾದ ತಾಮ್ರದ ತಂತಿ ಸುತ್ತಿಕೊಳ್ಳುತ್ತದೆ. ಕಾಲು ತೆಗೆದರೆ ತಕ್ಷಣ ನಿಲ್ಲುತ್ತದೆ. ಮೂವತ್ತಾರು ವರ್ಷ, ದಿನಕ್ಕೆ ಸಾವಿರ ಸಲ ಆ ಕಾಲು ಕಲಿತದ್ದು ಇಷ್ಟೇ: ನಿಲ್ಲಬೇಕಾದರೆ ಕಾಲೆತ್ತು. ಮುಂದೆ ಎಳನೀರಿನವನ ರಾಶಿ ಕಂಡಾಗಲೂ ಕಮಲಮ್ಮ ಅದನ್ನೇ ಮಾಡಿದಳು. ನಿಶ್ಚಿಂತೆಯಿಂದ ಕಾಲೆತ್ತಿ, ಕಾರು ನಿಲ್ಲಲಿ ಎಂದು ಕಾದು ಕೂತಳು. ಆದರೆ ಡಿಯಲ್ಲಿರುವ ಕಾರು ಕಾಲೆತ್ತಿದರೂ ನಿಲ್ಲುವುದಿಲ್ಲ. ತೆವಳುತ್ತಲೇ ಇರುತ್ತದೆ. ಅದು ತೆವಳಿಕೊಂಡು ಹೋಗಿ ಎಳನೀರಿನ ರಾಶಿಗೆ ಮೂತಿಯಿಟ್ಟಿತು. ಕಾಯಿಗಳು ರಸ್ತೆ ತುಂಬ ಉರುಳಿದವು. ನಲ್ಲಪ್ಪ ಹ್ಯಾಂಡ್‌ಬ್ರೇಕ್ ಎಳೆದು ಶಿವಶಿವಾ ಎಂದ.

"ಅಮ್ಮಾ, ಡಿನಲ್ಲಿ ಇರೋವರ್ಗೂ ಇದಕ್ಕೆ ಜೀವ ಇರುತ್ತೆ. ಕಾಲು ತೆಗುದ್ರೆ ನಿಧಾನ ಆಗುತ್ತೆ ಅಷ್ಟೇ. ನಿಲ್ಬೇಕಾ? ಬ್ರೇಕು. ಏನಮ್ಮಾ?"

"ಬ್ರೇಕು" ಎಂದಳು ಕಮಲಮ್ಮ. ಆ ದಿನ ಮೂರೂ ಜನ ಎರಡೆರಡು ಎಳನೀರು ಕುಡಿಯಬೇಕಾಯಿತು.

ಕಾಲು ಆ ಪಾಠ ಕಲಿಯಲು ತಿಂಗಳು ಹಿಡಿಯಿತು. ಆದರೆ ಅದೇ ಕಾಲು ಇನ್ನೊಂದು ವಿಷಯವನ್ನು ಯಾರೂ ಹೇಳಿಕೊಡದೆ ಕಲಿಯಿತು, ಅದನ್ನು ಹೇಳಲೇಬೇಕು.

ಆ ಕಾರಿಗೆ ಒಂದು ಚಾಳಿಯಿತ್ತು. ಗೇರು ತಾನೇ ಬದಲಾಯಿಸುವಾಗ ಅರೆಕ್ಷಣ ಉಸಿರು ಹಿಡಿದು, ಆಮೇಲೆ ಮುಂದಕ್ಕೆ ತಳ್ಳುತ್ತಿತ್ತು. ಒಳಗೆ ಕೂತವರ ತಲೆಗಳೆಲ್ಲ ಒಟ್ಟಿಗೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿದ್ದವು. ಒಂದರಿಂದ ಎರಡಕ್ಕೆ ಒಂದು ಸಲ, ಎರಡರಿಂದ ಮೂರಕ್ಕೆ ಇನ್ನೊಂದು ಸಲ. ಮುರಿಗೆಪ್ಪನಿಗೆ ತಮಾಷೆಗೆ ವಸ್ತು ಸಿಕ್ಕಿತು. "ಕೋಲೆ ಬಸವ ತಂದಿದೀಯ ಕಣೆ. ಏನು ಕೇಳಿದ್ರೂ ಹೂಂ ಹೂಂ ಅಂತದೆ" ಎಂದು ಹಿಂದೆ ಕೂತು ತಾನೂ ತಲೆಯಾಡಿಸುತ್ತಿದ್ದ. ನಲ್ಲಪ್ಪನೂ ಕೈಚೆಲ್ಲಿದ. ಈ ಕಾರುಗಳೇ ಹೀಗೆ, ಅಗ್ಗದ ಆಟೋಮ್ಯಾಟಿಕ್ಕು, ಒಳಗೊಂದು ಯಂತ್ರದ ಕೈ ಕೂತು ನಮ್ಮ ಬದಲು ಕ್ಲಚ್ಚು ಒತ್ತುತ್ತದೆ, ಅದಕ್ಕೆ ನಾಜೂಕು ಗೊತ್ತಿಲ್ಲ ಎಂದ.

ಸೆಪ್ಟೆಂಬರಿನ ಒಂದು ಬೆಳಗ್ಗೆ ಗಂಗಮ್ಮನ ಗುಡಿಯ ಕಡೆಗೆ ಹೋಗುತ್ತಿದ್ದಾಗ ಕಮಲಮ್ಮನ ಕಿವಿ ನೆಟ್ಟಗಾಯಿತು. ಇಂಜಿನ್ನಿನ ಶಬ್ದ ಏರುತ್ತಾ ಏರುತ್ತಾ ಒಂದು ಹಂತಕ್ಕೆ ಬಂದಿತು. ಈ ಶಬ್ದ ಆಕೆಗೆ ಗೊತ್ತು. ಬಾಬಿನ್ನಿನಲ್ಲಿ ತಂತಿಯ ಒಂದು ಪದರ ತುಂಬಿ ತುದಿಗೆ ಬರುವಾಗ ಮಷೀನು ಹೀಗೇ ಗುಂಯ್‌ಗುಡುತ್ತದೆ. ಆಗ ಪೆಡಲಿನಿಂದ ಕಾಲನ್ನು ಒಂದು ಕೂದಲೆಳೆಯಷ್ಟು ಸಡಿಲಿಸಬೇಕು, ಪದರ ತಿರುಗಿದ ಮೇಲೆ ಮತ್ತೆ ಒತ್ತಬೇಕು. ಸಡಿಲಿಸದಿದ್ದರೆ ತಂತಿ ಪಟ್ಟನೆ ಹರಿಯುತ್ತದೆ, ಅರ್ಧ ದಿನದ ಕೆಲಸ ಮಣ್ಣುಪಾಲು. ಆಕೆ ಯೋಚಿಸಲಿಲ್ಲ. ಕಾಲು ತಾನಾಗಿ ಅಷ್ಟೇ ಅಷ್ಟು ಸಡಿಲಾಯಿತು. ಕಾರು ಎರಡನೇ ಗೇರಿಗೆ ಜಾರಿತು. ಯಾರ ತಲೆಯೂ ಅಲುಗಲಿಲ್ಲ. ಕಾಲು ಮತ್ತೆ ಒತ್ತಿತು. ಮತ್ತೆ ಅದೇ ಶಬ್ದ, ಮತ್ತೆ ಸಡಿಲು, ಮೂರನೆಯದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದು ಬಿತ್ತು.

ನಲ್ಲಪ್ಪ ತಿರುಗಿ ಆಕೆಯ ಕಾಲನ್ನೇ ನೋಡಿದ. "ಅಮ್ಮಾ, ಏನ್ ಮಾಡಿದ್ರಿ?"

"ಲೇಯರ್ ತಿರುಗಿಸ್ದೆ" ಎಂದಳು ಕಮಲಮ್ಮ. ಮೂವತ್ತಾರು ವರ್ಷ ಮೇಜಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿದ ಕಾಲು ಇವತ್ತು ಒಂದು ಕಾರನ್ನು ಪಳಗಿಸಿತ್ತು. ಹಿಂದೆ ಮುರಿಗೆಪ್ಪ ಕೋಲೆ ಬಸವನ ಹಾಗೆ ತಲೆಯಾಡಿಸಲು ಸಿದ್ಧನಾಗಿ ಕೂತವನು ಸೀಟಿನ ತುದಿಗೆ ಸರಿದ. ಸ್ವಲ್ಪ ದೂರ ಹೋದ ಮೇಲೆ, "ಇನ್ನೊಂದ್ಸಲ ಮಾಡು, ನೋಡಣ" ಎಂದ. ಆಕೆ ಆ ಬೆಳಗ್ಗೆ ಹದಿನೈದು ಸಲ ಮಾಡಿ ತೋರಿಸಿದಳು. ನಲ್ಲಪ್ಪ ಮಾರನೆಯ ದಿನದಿಂದ ಅದನ್ನು ತನ್ನದೇ ವಿದ್ಯೆಯೆಂಬಂತೆ ಬೇರೆ ಶಿಷ್ಯರಿಗೆ ಹೇಳಿಕೊಡತೊಡಗಿದ.

ಒಂದು ವಿಷಯದಲ್ಲಿ ಮಾತ್ರ ಆಕೆ ಗುರುವಿನ ಮಾತು ಕೇಳಲಿಲ್ಲ. "ಅಮ್ಮಾ, ಕಡಿದಾದ ಏರು ಬಂದಾಗ ಡಿನ ನಂಬ್ಬೇಡಿ. ಡಿ ಅನ್ನೋದು ಜಿಪುಣ. ಪೆಟ್ರೋಲು ಉಳ್ಸಕ್ಕೆ ಬೇಗ ಬೇಗ ಮೇಲಿನ ಗೇರಿಗೆ ಹೋಗ್ಬಿಡುತ್ತೆ, ಆಮೇಲೆ ಎಳೆಯಕ್ಕೆ ಆಗ್ದೆ ಒದ್ದಾಡುತ್ತೆ. ಎಂ ಕಡೆ ಹಾಕಿ ಒಂದನೇ ಗೇರಲ್ಲೇ ಹಿಡ್ಕೊಂಡು ಹೋಗಿ" ಎಂದು ಅವನು ಎಷ್ಟೋ ಸಲ ಹೇಳಿದ.

"ಮತ್ತೆ ಗೇರು ನಾನೇ ಹಾಕೋದಾದ್ರೆ ಈ ಕಾರು ಯಾಕೆ ತಗೊಳ್ಳಲಿ ನಲ್ಲಪ್ಪಾ?" ಎಂದು ಆಕೆ ರಾಡಿನ ಮೇಲಿಂದ ಕೈ ತೆಗೆದುಬಿಡುತ್ತಿದ್ದಳು. ಹೆಮ್ಮೆ ಎಂದು ಅವನು ತಿಳಿದ. ಭಯ ಎಂದು ಆಕೆಗೆ ಮಾತ್ರ ಗೊತ್ತಿತ್ತು.

ಅಕ್ಟೋಬರ್ ಮಧ್ಯದಲ್ಲಿ ಲೈಸೆನ್ಸಿನ ಪರೀಕ್ಷೆ. ಇನ್‌ಸ್ಪೆಕ್ಟರು ಕಾರನ್ನು ಸುತ್ತು ಹೊಡೆದು ನೋಡಿ, "ಗೇರ್ ನೀವು ಹಾಕಲ್ಲ, ಕಾರೇ ಹಾಕುತ್ತೆ. ಲೈಸೆನ್ಸು ನಿಮಗೆ ಕೊಡ್ಲೋ ಕಾರಿಗೆ ಕೊಡ್ಲೋ?" ಎಂದ. ಸುತ್ತ ನಿಂತವರು ನಕ್ಕರು. ಆ ನಗೆ ಕಿವಿಗೆ ಬಿದ್ದದ್ದೇ ಕಮಲಮ್ಮನಿಗೆ ತೊಂಬತ್ತೊಂದರ ಮೈದಾನ ಕಣ್ಣಮುಂದೆ ಬಂತು. ಎಂಟರ ಆಕಾರದಲ್ಲಿ ಚೆನ್ನಾಗಿಯೇ ತಿರುಗಿಸಿದಳು. ಗೆರೆಯ ಹತ್ತಿರ ಬಂದಾಗ ಇನ್‌ಸ್ಪೆಕ್ಟರು "ಸ್ಟಾಪ್" ಎಂದ. ಗಾಬರಿಯಲ್ಲಿ ಹಳೆಯ ಕಾಲೇ ಮೇಲೆದ್ದಿತು. ಕಾಲೆತ್ತಿ ಕಾದಳು. ಕಾರು ನಿಧಾನವಾಗಿ, ಮರ್ಯಾದೆಯಿಂದ, ಗೆರೆ ದಾಟಿ ಹೋಯಿತು. ಫೇಲು.

ಕ್ಯಾಂಟೀನಿನಲ್ಲಿ ಗಂಡಸರು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಆಕೆಗೆ ಹೆಚ್ಚು ನೋವಾಯಿತು. ಯೂನಿಯನ್ನಿನವರು ಮೂವತ್ತೊಂದಕ್ಕೆ ಬೇರೆ ಕಾರು ಹೇಳಿಟ್ಟಿದ್ದಾರೆ ಎಂದು ಹೇಮಲತಾ ಪಿಸುಗುಟ್ಟಿದಳು. ಆ ವಾರವೆಲ್ಲ ಕಮಲಮ್ಮ ಬೆಳಗಿನ ಐದೂವರೆಗೇ ನಲ್ಲಪ್ಪನನ್ನು ಎಬ್ಬಿಸಿ, ಹೋಗುವುದನ್ನು ಬಿಟ್ಟು ಬರೀ ನಿಲ್ಲುವುದನ್ನು ಅಭ್ಯಾಸ ಮಾಡಿದಳು. ಒಂದೊಂದು ಕರೆಂಟ್ ಕಂಬಕ್ಕೂ ಒಂದೊಂದು ಬ್ರೇಕು. ಇಪ್ಪತ್ತೊಂದನೆಯ ತಾರೀಖು ಅದೇ ಇನ್‌ಸ್ಪೆಕ್ಟರು "ಸ್ಟಾಪ್" ಎಂದಾಗ ಕಾರಿನ ಮೂತಿ ಗೆರೆಗೆ ಒಂದು ಗೇಣು ಹಿಂದೆ ನಿಂತಿತ್ತು. "ಲೈಸೆನ್ಸು ನಿಮಗೇ ಅಮ್ಮಾ" ಎಂದ. ಇಪ್ಪತ್ತೊಂಬತ್ತಕ್ಕೆ ಅಂಚೆಯಲ್ಲಿ ಕಾರ್ಡು ಬಂತು. ಕಮಲಮ್ಮ ಅದನ್ನು ದೇವರ ಮುಂದಿಟ್ಟಳು. ಮುರಿಗೆಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಯೂನಿಯನ್ನಿನವರು ಹೇಳಿಟ್ಟಿದ್ದ ಕಾರನ್ನು ಬೇಡವೆಂದರು.

ಮೂವತ್ತೊಂದು ಬಂದೇ ಬಂತು.

ಪಕ್ಕದಲ್ಲಿ ನಲ್ಲಪ್ಪನನ್ನು ಕೂರಿಸಿಕೊಂಡ ಟೊಮ್ಯಾಟೊ ಬಣ್ಣದ ಕಾರು ಬೆಳಗ್ಗೆ ಏಳಕ್ಕೇ ಗೇಟಿನ ಮುಂದೆ ನಿಂತಿತು. ಹನುಮಂತರಾಯಪ್ಪ ಡಿಎಲ್ ಕೇಳಿ, ಓದಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಡಿಕ್ಕಿ ತೆಗೆಸಿ ನೋಡಿ, ಅಡ್ಡಕಂಬ ಎತ್ತಿದ. ಮಧ್ಯಾಹ್ನ ಮೂರಕ್ಕೆ ಹಾರ, ಶಾಲು, ಬುಟ್ಟಿ, ಗಡಿಯಾರ ಎಲ್ಲವೂ ಆಯಿತು. ಕಮಲಮ್ಮ ನಾಲ್ಕು ಮಾತು ಆಡಿ ಕೂತಳು. ತನ್ನ ಮಷೀನಿನ ಸ್ವಿಚ್ಚು ಆಫ್ ಮಾಡಿ, ಬಟ್ಟೆಯಿಂದ ಒರೆಸಿ, ಹೊರಗೆ ಬಂದಳು. ಕಾರಿನ ಬಳಿ ಜನವೋ ಜನ. ಹಾರ ಹಾಕಿಕೊಂಡು ಸ್ಟಿಯರಿಂಗ್ ತಿರುಗಿಸಲಾಗುವುದಿಲ್ಲವೆಂದು ಅದನ್ನು ತೆಗೆದು ಬಾನೆಟ್ಟಿಗೆ ಹಾಕಿದಳು. ಮುಂದೆ ಹೇಮಲತಾ, ಹಿಂದೆ ಸೆಕ್ಷನ್ನಿನ ಮೂವರು ಹೆಂಗಸರು, ಯಾರೂ ತೆಳ್ಳಗಿನವರಲ್ಲ, ಅವರ ತೊಡೆಯ ಮೇಲೆ ಹಣ್ಣಿನ ಬುಟ್ಟಿಗಳು. ಡಿಕ್ಕಿಯಲ್ಲಿ ಉಡುಗೊರೆಗಳು. ಹಿಂದೆ ಹನ್ನೆರಡು ಸ್ಕೂಟರು, ಎಲ್ಲವೂ ಆ ನಕ್ಕ ಗಂಡಸರವೇ.

ಗೇಟಿನಲ್ಲಿ ಹನುಮಂತರಾಯಪ್ಪ ಈ ಸಲ ಡಿಕ್ಕಿ ನೋಡಲಿಲ್ಲ. ಬೂಟು ಜೋಡಿಸಿ ಸಲ್ಯೂಟ್ ಹೊಡೆದ. ಜನರಲ್ ಮ್ಯಾನೇಜರಿಗೆ ಹೊಡೆಯುವ ಸಲ್ಯೂಟು ಅದು.

ಕಾರು ಸರ್ಕಲ್ ದಾಟಿತು. ಒಂದು, ಎರಡು, ಮೂರು, ಗೇರುಗಳು ಒಂದರ ಹಿಂದೊಂದು ಸದ್ದಿಲ್ಲದೆ ಬಂದವು. "ಕಮಲಕ್ಕ, ವಿಮಾನ ಕಣ್ರೀ ಇದು!" ಎಂದಳು ಹೇಮಲತಾ. ಹಿಂದಿನವರು ಹಾಡು ಶುರುಮಾಡಿದರು. ಕಮಲಮ್ಮನಿಗೆ ಮೈಯಲ್ಲೆಲ್ಲ ಹೊಸ ರಕ್ತ ಹರಿದ ಹಾಗಿತ್ತು. ತನ್ನ ಕಾಲಿನ ಒಂದು ಬೆರಳಿನ ಇಚ್ಛೆಗೆ ಐದು ಹೆಂಗಸರು, ನಾಲ್ಕು ಬುಟ್ಟಿ, ಒಂದು ಗಡಿಯಾರ ಮುಂದಕ್ಕೆ ಹೋಗುತ್ತಿವೆ!

ಮನೆ ಇದ್ದದ್ದು ಬಡಾವಣೆಯ ತುದಿಯಲ್ಲಿ, ಗುಡ್ಡ ಕಡಿದು ಮಾಡಿದ ಇಕ್ಕಟ್ಟಾದ ಏರುರಸ್ತೆಯ ಮೇಲೆ. ಆ ಏರನ್ನು ಆಕೆ ಹತ್ತಾರು ಸಲ ಡಿಯಲ್ಲೇ ಹತ್ತಿದ್ದಳು. ಆದರೆ ಆಗೆಲ್ಲ ಕಾರಿನಲ್ಲಿ ಇರುತ್ತಿದ್ದದ್ದು ಹೆಚ್ಚೆಂದರೆ ಒಣಕಲು ನಲ್ಲಪ್ಪ, ಇಲ್ಲವೇ ಮುರಿಗೆಪ್ಪ. ಇವತ್ತಿನ ಭಾರ ಕಾರಿಗೂ ಹೊಸದು, ಆಕೆಗೂ ಹೊಸದು. ಏರು ಶುರುವಾಗುತ್ತಲೇ ಡಿ ತನ್ನ ಜಿಪುಣ ಬುದ್ಧಿ ತೋರಿಸಿತು. ಎರಡಕ್ಕೆ ಹೋಯಿತು, ಉಸಿರು ಕಟ್ಟಿತು, ಒಂದಕ್ಕೆ ಇಳಿಯಿತು, ಸ್ವಲ್ಪ ಎಳೆದು ಮತ್ತೆ ಎರಡಕ್ಕೆ ಹಾರಿತು. ಒಳಗೆ ಎಲ್ಲರ ತಲೆಗಳೂ ಆಡಿದವು. ಹಾಡು ನಿಂತಿತು. ಅದೇ ಹೊತ್ತಿಗೆ ಮೇಲಿನಿಂದ ನೀರಿನ ಟ್ಯಾಂಕರೊಂದು ಇಳಿಯಿತು. ಕಮಲಮ್ಮ ಎಡಕ್ಕೆ ಒತ್ತಿ ಬ್ರೇಕು ತುಳಿದಳು. ಟ್ಯಾಂಕರು ನೀರು ಚೆಲ್ಲುತ್ತಾ ದಾಟಿಹೋಯಿತು.

ಮತ್ತೆ ಹೊರಡಲೆಂದು ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿತು. ಬ್ರೇಕು. ಮತ್ತೆ ಪ್ರಯತ್ನಿಸಿದಳು, ಮತ್ತೆ ಜಾರಿತು. ಹಿಂದೆ ಸ್ಕೂಟರುಗಳು ಗದ್ದಲವೆಬ್ಬಿಸಿದವು. ಯಾರೋ, "ಕಮಲಮ್ಮ, ಇಳೀರಿ, ನಾವು ಹತ್ತಿಸಿಕೊಡ್ತೀವಿ!" ಎಂದು ಕೂಗಿದರು. ಮೇಲೆ ಮನೆ ಮುಂದೆ ಆರತಿ ತಟ್ಟೆ ಹಿಡಿದು ಅಕ್ಕಪಕ್ಕದವರು ನಿಂತಿದ್ದರು. ಮುರಿಗೆಪ್ಪ ಪಂಚೆ ಎತ್ತಿಕಟ್ಟಿ, ಕೈಯಲ್ಲೊಂದು ಸೈಜುಗಲ್ಲಿನ ತುಂಡು ಹಿಡಿದು ಓಡುತ್ತಾ ಇಳಿದು ಬಂದು ಹಿಂದಿನ ಚಕ್ರಕ್ಕೆ ಕೊಟ್ಟ. ಬೆವರು ಒರೆಸಿಕೊಳ್ಳುತ್ತಾ ಕಿಟಕಿಗೆ ಬಗ್ಗಿದ.

"ಇಳಿ ಕಮಲಾ, ಇಷ್ಟು ಓಡಿಸಿದ್ದೇ ದೊಡ್ದು. ಯಾರಾದ್ರೂ ಹತ್ತಿಸ್ತಾರೆ. ಇನ್ನೇನು ನೂರು ಅಡಿ."

ನೂರು ಅಡಿ! ಆ ನೂರು ಅಡಿ ಬಿಟ್ಟುಕೊಟ್ಟರೆ ಉಳಿದದ್ದೆಲ್ಲಾ ಬಿಟ್ಟುಕೊಟ್ಟ ಹಾಗೆ ಎಂದು ಆಕೆಗೆ ಅನ್ನಿಸಿತು. ಕಮಲಮ್ಮ ಹ್ಯಾಂಡ್‌ಬ್ರೇಕ್ ಎಳೆದಳು. ಗೇರು ರಾಡಿನ ಮೇಲೆ ಕೈಯಿಟ್ಟಳು. ಅಲ್ಲಿ ಆ ಎಂ ಇತ್ತು, ಆಕೆ ತೆಗೆಸಿಬಿಡಬೇಕೆಂದಿದ್ದ ಎಂ. ರಾಡನ್ನು ಆ ಕಡೆಗೆ ತಳ್ಳಿದಳು. ಶಬ್ದವಿಲ್ಲ, ಹಲ್ಲು ಕಡಿಯಲಿಲ್ಲ. ಮೀಟರಿನಲ್ಲಿ ಒಂದು ಎಂಬ ಅಂಕಿ ಮೂಡಿತು.

"ರೀ, ಪಕ್ಕಕ್ಕೆ ಸರೀರಿ" ಎಂದಳು.

ಆಕ್ಸಿಲರೇಟರ್ ಒತ್ತಿದಳು. ಇಂಜಿನ್ನು ಕೂಗಿತು. ಕೂಗಲಿ ಎಂದು ಇನ್ನೂ ಒತ್ತಿದಳು. ಕಾರಿನ ಮೂತಿ ಸ್ವಲ್ಪ ಮೇಲೆದ್ದು ಹೊರಡಲು ಹಟ ಹಿಡಿದಾಗ ಹ್ಯಾಂಡ್‌ಬ್ರೇಕ್ ಬಿಟ್ಟಳು. ಕಾರು ಹಿಂದಕ್ಕೆ ಒಂದಂಗುಲವೂ ಸರಿಯಲಿಲ್ಲ. ಮುಂದಕ್ಕೆ, ಮೇಲಕ್ಕೆ! ಡಿಯಲ್ಲಿ ಕಾರು ಆಕೆಯನ್ನು ಕರೆದುಕೊಂಡು ಹೋಗುತ್ತಿತ್ತು, ಈಗ ಆಕೆ ಕಾರನ್ನು ಕರೆದುಕೊಂಡು ಹೋಗುತ್ತಿದ್ದಳು. ಆ ವ್ಯತ್ಯಾಸ ಅಂಗೈಗೆ, ಬೆನ್ನಿಗೆ, ಹಲ್ಲಿಗೆ ಸಹ ತಿಳಿಯುತ್ತಿತ್ತು. ಇಂಜಿನ್ನಿನ ಪೂರ್ತಿ ಬಲ ಒಂದೇ ಗೇರಿನಲ್ಲಿ ನಿಂತು, ಬದಲಾಗದೆ, ಜಾರದೆ, ಐದು ಹೆಂಗಸರನ್ನೂ ಹೊತ್ತು ಏರುತ್ತಿತ್ತು.

"ಕಮಲಕ್ಕಾ, ಕೂಗ್ತಾ ಐತೆ! ಎರಡಕ್ಕೆ ಹಾಕಿ!" ಎಂದಳು ಹೇಮಲತಾ.

"ಯಾವಾಗ ಹಾಕ್ಬೇಕು ಅಂತ ನಂಗೊತ್ತು ಸುಮ್ನಿರು!"

ಏರು ಮುಗಿದು ರಸ್ತೆ ಮಟ್ಟಸವಾಗುವ ಜಾಗದಲ್ಲಿ ಆಕೆ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿ, ಕೈಯಿಂದ ರಾಡನ್ನು ತಳ್ಳಿದಳು. ಎರಡು. ತಾನೇ ಹಾಕಿ, ಹಲ್ಲು ಕಡಿಯದೆ ಬಿದ್ದ ಗೇರು. ಅರವತ್ತು ವರ್ಷದ ಬಾಳಿನಲ್ಲಿ ಮೊದಲನೆಯದು. ಹಿಂದಿನ ಸೀಟಿನ ಮೂವರೂ ಕೇಕೆ ಹಾಕಿದರು. ಕಾರು ಮನೆ ಮುಂದೆ ಬಂದು, ರಂಗೋಲಿ ತುಳಿಯದೆ, ಬ್ರೇಕಿನ ಮೇಲೆ ನಿಂತಿತು.

ಆರತಿ ಆಯಿತು. ಸ್ಕೂಟರುಗಳು ಬಂದು ಸೇರಿದವು. ಆ ಗಂಡಸರು ಕಿಟಕಿಯಲ್ಲಿ ಇಣುಕಿ ಗೇರು ರಾಡು ನೋಡುತ್ತಿದ್ದರು. ಯಾರ ಬಾಯಲ್ಲೂ ಒಗ್ಗರಣೆಯ ಮಾತಿಲ್ಲ. ಹೆಂಗಸರು ಬುಟ್ಟಿಗಳನ್ನು ಇಳಿಸಿಕೊಂಡು ಒಳಗೆ ಹೋದರು. ಮುರಿಗೆಪ್ಪ ಏದುಸಿರು ಬಿಡುತ್ತಾ ಏರು ಹತ್ತಿ ಬಂದ. ಹೆಂಡತಿ ಕೂತ ಕಡೆಯ ಕಾರಿನ ಬಾಗಿಲ ಹತ್ತಿರ ನಿಂತು ಪಂಚೆ ಇಳಿಬಿಟ್ಟ. ಆಮೇಲೆ, "ಅವತ್ತು ಮೈದಾನದಲ್ಲಿ ನಾನು ಅಷ್ಟು ಕೂಗ್ಬಾರದಾಗಿತ್ತು" ಎಂದ.

ಕಮಲಮ್ಮ ಅವನ ಮುಖ ನೋಡಿದಳು. ಆಕೆಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನಗು ಬಂದಿತ್ತು. ಇಳಿಯಲಿಲ್ಲ.

"ಕಾಫಿ ಸೋಸಿ ಎಲ್ರಿಗೂ ಕೊಡ್ರಿ. ಕೇಸರಿಬಾತ್ ಡಬ್ಬೀಲಿ ಐತಿ. ಒಂದು ರೌಂಡು ಹೋಗಿ ಬರ್ತೀನಿ."

"ಯಾರ ಜೊತೆ?"

"ಯಾರ ಜೊತೆನೂ ಇಲ್ಲ."

ಮುರಿಗೆಪ್ಪ ತಾನೇ ಹಿಂದೆ ಸರಿದು, ಜನರನ್ನು ಸರಿಸಿ ದಾರಿ ಮಾಡಿಕೊಟ್ಟ. ಕಾರು ತಿರುಗಿ ಏರನ್ನು ಇಳಿಯಿತು, ಎರಡನೇ ಗೇರಿನಲ್ಲೇ, ಆಕೆಯೇ ಹಾಕಿ ಹಿಡಿದ ಗೇರಿನಲ್ಲಿ. ಪಕ್ಕದ ಸೀಟು ಖಾಲಿ, ಹಿಂದಿನ ಸೀಟು ಖಾಲಿ. ಅಪ್ಪನ ಜೊತೆ ಬಸ್ಸು, ಗಂಡನ ಹಿಂದೆ ಸ್ಕೂಟರು, ಸೆಕ್ಷನ್ನಿನವರ ಜೊತೆ ಫ್ಯಾಕ್ಟರಿ ಬಸ್ಸು. ಇಷ್ಟು ವರ್ಷದಲ್ಲಿ ಚಲಿಸುವ ಯಾವ ಗಾಡಿಯಲ್ಲೂ ತಾನು ಒಬ್ಬಳೇ ಕೂತಿರಲಿಲ್ಲ ಎಂದು ಕಮಲಮ್ಮನಿಗೆ ಆಗಲೇ ಹೊಳೆದದ್ದು. ಏನು ಮಾಡುವುದೆಂದು ತಿಳಿಯದೆ ಒಂದು ಸಲ ಸುಮ್ಮನೆ ಹಾರನ್ ಹೊಡೆದಳು.

ಕೆಳಗೆ ಮುಖ್ಯರಸ್ತೆ. ಎಡಕ್ಕೆ ಹೋದರೆ ಕಾರ್ಖಾನೆ, ಮೂವತ್ತಾರು ವರ್ಷ ದಿನವೂ ತಿರುಗಿದ ದಿಕ್ಕು. ಬಲಕ್ಕೆ ಹೋದರೆ ತುಮಕೂರು ರಸ್ತೆ, ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕಮಲಮ್ಮ ಬಲಕ್ಕೆ ಇಂಡಿಕೇಟರ್ ಹಾಕಿದಳು.